ನಲವತ್ತೆಂಟು ಗಂಟೆ

೧೦ ಜನವರಿ ೧೯೪೫, ಬುಧವಾರ

ನಿನ್ನೆ, ಜನವರಿ ಒಂಬತ್ತನೆಯ ತಾರೀಖು ಮಂಗಳವಾರ, ಬೆಳಿಗ್ಗೆ ಹತ್ತೂಕಾಲಿಗೆ, ನಮ್ಮ ರೇಡಿಯೊ ವಾಲ್ವ್ ಕಾರ್ಖಾನೆಯ ಎರಡನೆಯ ಮಹಡಿಯಲ್ಲಿ, ನೂರಾ ಹತ್ತು ಹೆಂಗಸರ ಕಣ್ಣೆದುರು ಓಟಿಲಿ ಬ್ರೆಮರ್‌ಳನ್ನು ಕೆಲಸದಿಂದ ತೆಗೆದುಹಾಕಿದರು. ತಾರೀಖನ್ನೂ ಗಂಟೆಯನ್ನೂ ಬರೆದಿಡುತ್ತಿದ್ದೇನೆ. ಈ ಊರಿಗೆ ಮರೆವು ಬಲು ಬೇಗ ಬರುತ್ತದೆ. ಮೂವತ್ತೊಂದು ವರ್ಷ ಇಲ್ಲಿನ ಹೈಸ್ಕೂಲಿನಲ್ಲಿ ಇತಿಹಾಸ ಮತ್ತು ಲ್ಯಾಟಿನ್ ಕಲಿಸಿದ ನನಗೆ ಅಷ್ಟು ಬೇಗ ಬರುವುದಿಲ್ಲ.

ಕಾರ್ಖಾನೆಯ ವಿಷಯ ಮನೆಯಲ್ಲಿ ಆಡಕೂಡದು, ಎಲ್ಲೂ ಬರೆಯಕೂಡದು ಎಂದು ಸೇರುವಾಗಲೇ ಪ್ರಮಾಣ ಮಾಡಿಸಿಕೊಂಡಿದ್ದಾರೆ. ಆದರೂ ಬರೆಯುತ್ತಿದ್ದೇನೆ.

ಡಿಸೆಂಬರಿನಲ್ಲಿ ಕಳಿಸಿದ ನಮ್ಮ ಸರಕು ಎಲ್ಲೋ ಒಂದು ಪರೀಕ್ಷೆಯಲ್ಲಿ ಸೋತಿತಂತೆ. ನೂರಕ್ಕೆ ಹನ್ನೆರಡು ವಾಲ್ವುಗಳು ಸತ್ತಿದ್ದವು. ಸೋಮವಾರ ಇಬ್ಬರು ಸೈನ್ಯದ ಅಧಿಕಾರಿಗಳು ಬಂದು ಮೇಲ್ವಿಚಾರಕ ಹ್ಯಾಸ್ಕೆಲ್‌ನ ಕೋಣೆಯಲ್ಲಿ ಮೂರು ಗಂಟೆ ಕೂತಿದ್ದರು. ಮಂಗಳವಾರ ಹ್ಯಾಸ್ಕೆಲ್ ಓಟಿಲಿಯ ಪೆಟ್ಟಿಗೆ ತೆಗೆಸಿ, ಒಂದು ತಗಡಿನ ಡಬ್ಬಿಯನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

“ಇದೇನು?”

“ಕುರಿ ಉಣ್ಣೆ ಜಿಡ್ಡು. ಚಳಿಗೆ ಕೈ ಒಡೆಯತ್ತೆ, ಹಚ್ಕೊಳ್ತೀನಿ.”

“ಒಂದು ಕೂದಲೆಳೆ ಜಿಡ್ಡು ಗಾಜಿನೊಳಗೆ ಹೋದ್ರೂ ವಾಲ್ವ್ ಸಾಯತ್ತೆ ಅಂತ ಗೊತ್ತಿಲ್ವಾ ನಿಮಗೆ?”

“ತೊಳ್ಕೊಂಡೇ ಕೂರೋದು ಸರ್. ಮೂರು ವರ್ಷದಿಂದ ಹಾಗೇನೆ.”

“ಹುಟ್ಟಿದ್ದೆಲ್ಲಿ ನೀವು?”

“ನಿಮ್ಮ ಕಾಗದದಲ್ಲೇ ಇದೆಯಲ್ಲ. ಹ್ಯಾಂಬರ್ಗ್. ಆರು ವರ್ಷದವಳಿದ್ದಾಗ ಬಾಸ್ಟನ್ನಿಗೆ ಬಂದೆ.”

ಅವನು ಡಬ್ಬಿಯನ್ನು ಜೇಬಿಗೆ ಹಾಕಿ ಬಾಗಿಲಿನ ಕಡೆ ಕೈ ತೋರಿಸಿದ. ಅವಳು ಭೂತಗನ್ನಡಿಯನ್ನು ಒರೆಸಿ, ಚಿಮಟವನ್ನು ಅದರ ಜಾಗದಲ್ಲಿ ಇಟ್ಟು, ಕೋಟು ಹಾಕಿಕೊಂಡು ಮೆಟ್ಟಿಲಿಳಿದಳು. ಕೂದಲಿಗಿಂತ ತೆಳುವಾದ ತಂತಿಯನ್ನು ಸೀಸದಕಡ್ಡಿಯ ತುಂಡಿನಷ್ಟು ದಪ್ಪದ ಗಾಜಿನ ವಾಲ್ವಿನೊಳಗೆ ಬೆಸೆಯುವುದರಲ್ಲಿ ಅವಳ ಸಮ ಈ ಕಾರ್ಖಾನೆಯಲ್ಲಿ ಯಾರೂ ಇಲ್ಲ. ಅವಳು ಹೋಗುವಾಗ ಒಬ್ಬರೂ ಬಾಯಿ ತೆರೆಯಲಿಲ್ಲ.

ಇದು ಹೇಡಿಗಳ ಊರು.

೧೩ ಜನವರಿ

ಹಿಮ. ಕೆಲಸ. ಕಾಲು ನೋವು. ನಮ್ಮ ಮೇಜಿನಲ್ಲಿ ಪರೀಕ್ಷಕಿಯರು ಆರು ಜನ, ನಾನು ಹಿರಿಯಳು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದೊಂದು ವಾಲ್ವಿಗೂ ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ತಟ್ಟಿ, ಸದ್ದು ಕೇಳಬೇಕು. ಒಳಗಿನ ತಂತಿ ಬಿಗಿಯಾಗಿದ್ದರೆ ಮೌನ. ಸಡಿಲವಾಗಿದ್ದರೆ ಗಂಟೆಯ ಹಾಗೆ ಕಣಕಣ ಅನ್ನುತ್ತದೆ. ಮೀಟರಿನ ಮುಳ್ಳೇ ಏಳದಿದ್ದರೆ ವಾಲ್ವ್ ಸತ್ತಂತೆ. ದಿನಕ್ಕೆ ನಾನೂರು ತಟ್ಟುತ್ತೇನೆ. ಮನೆಗೆ ಬಂದ ಮೇಲೂ ಚಮಚ ಬಟ್ಟಲಿಗೆ ತಾಗಿದರೆ ಕಿವಿ ನಿಮಿರುತ್ತದೆ.

ಯಾವುದಕ್ಕೆ ಈ ವಾಲ್ವ್ ಎಂದು ನಮಗೆ ಹೇಳಿಲ್ಲ. ಯಾರಾದರೂ ಕೇಳಿದರೆ ಕಿವುಡರ ಯಂತ್ರಕ್ಕೆ ಅನ್ನಬೇಕು. ಪರೀಕ್ಷೆಯಿಂದ ಒಡೆದು ವಾಪಸು ಬಂದವುಗಳಲ್ಲಿ ಹೊಲದ ಮಣ್ಣು ಮೆತ್ತಿರುತ್ತದೆ. ಯಾವ ಕಿವುಡ ಹಾಗೆ ಹೊಲಕ್ಕೆ ಬೀಳುತ್ತಾನೋ.

೨೨ ಜನವರಿ

ಮಧ್ಯಾಹ್ನದ ಊಟಕ್ಕೆ ಡೆಲ್ಫೀನ್ ಥೀರಿಯೋ ನನ್ನ ಪಕ್ಕ ಕೂತಳು. ನಮ್ಮ ಮೇಜಿನ ಪರೀಕ್ಷಕಿ, ಕೆನಡಾದ ಫ್ರೆಂಚರ ಹುಡುಗಿ, ಇಪ್ಪತ್ತಾರು ವರ್ಷ. ನನ್ನ ಹಳೆಯ ವಿದ್ಯಾರ್ಥಿನಿ. ಲ್ಯಾಟಿನ್‌ನಲ್ಲಿ ಎರಡು ಸಲ ನಪಾಸಾದವಳು.

“ಟೀಚರಮ್ಮ, ಕೇಳಿದ್ರಾ? ಓಟಿಲಿ ಮನೆಗೆ ಜರ್ಮನಿಯಿಂದ ರೇಡಿಯೊದಲ್ಲಿ ಮಾತಾಡ್ತಾರಂತೆ.”

“ಯಾರು ಹೇಳಿದ್ದು?”

“ಬೇಕರಿಯಲ್ಲಿ. ಅವಳ ಮನೇಲಿ ರೇಡಿಯೊನೇ ಇಲ್ಲ ಅಂದೆ. ಹಾಗಾದ್ರೆ ಬಚ್ಚಿಟ್ಟಿರ್ತಾಳೆ ಅಂದ್ರು. ಏನು ಮಾಡ್ತೀರ ಇವರಿಗೆ.”

“ನೀನೇನಂದೆ?”

“ಬ್ರೆಡ್ ತಗೊಂಡು ಬಂದೆ. ಇನ್ನೇನನ್ಲಿ.”

ಅವಳಿಗೆ ಒಂದು ಪಾಠವನ್ನೇ ಮಾಡಿದೆ. ೧೯೧೮ರಲ್ಲಿ ಇದೇ ಊರು ನಮ್ಮ ಶಾಲೆಯ ಜರ್ಮನ್ ಮೇಷ್ಟರು ಲಿಂಡೆಮನ್‌ರನ್ನು ಓಡಿಸಿತು. ಅವರ ಪುಸ್ತಕಗಳನ್ನು ಅಂಗಳದಲ್ಲಿ ಸುಟ್ಟಿತು. ಆಗ ಸುಮ್ಮನಿದ್ದವರ ಮಕ್ಕಳೇ ಈಗ ಬೇಕರಿಯಲ್ಲಿ ಸಾಲು ನಿಂತಿದ್ದಾರೆ ಎಂದೆ. ಡೆಲ್ಫೀನ್ ಮೀನಿನ ಸ್ಯಾಂಡ್‌ವಿಚ್ ತಿನ್ನುತ್ತಾ ಎಲ್ಲವನ್ನೂ ಕೇಳಿದಳು. ಕೊನೆಗೆ, “ಟೀಚರಮ್ಮ, ನೀವೂ ಅದೇ ಡಬ್ಬಿಯಿಂದ ತಾನೇ ಕೈಗೆ ಹಚ್ಕೊಳ್ತಿದ್ದದ್ದು?” ಅಂದಳು.

ಗಂಟೆ ಹೊಡೆಯಿತು. ಎದ್ದು ಹೋದೆವು.

ಆ ಡಬ್ಬಿ ಓಟಿಲಿಯದ್ದೇ. ಆದರೆ ವಾಲ್ವ್ ತೊಳೆಯುವ ದ್ರಾವಣದಿಂದ ಎಲ್ಲರ ಬೆರಳೂ ಸೀಳುತ್ತವೆ. ಚಳಿಗಾಲದಲ್ಲಿ ಅವಳು ಅದನ್ನು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು, ಯಾರು ಬೇಕಾದರೂ ತೆಗೆದುಕೊಳ್ಳುತ್ತಿದ್ದರು. ವಿಷಯ ಅದಲ್ಲ. ವಿಷಯ ಹ್ಯಾಸ್ಕೆಲ್‌ನ ನಡತೆ.

೧೨ ಫೆಬ್ರವರಿ, ಸೋಮವಾರ

ಗುರುವಾರದ ಬಿರುಗಾಳಿಯಲ್ಲಿ ರಸ್ತೆಗಳೆಲ್ಲ ಹೂತುಹೋಗಿ ಕಾರ್ಖಾನೆ ಮೂರು ದಿನ ಮುಚ್ಚಿತ್ತು. ಇಂದು ಬಾಗಿಲು ತೆರೆದಾಗ, ಬುಧವಾರ ಸಂಜೆ ಬೆಸೆದಿಟ್ಟಿದ್ದ ವಾಲ್ವುಗಳು ‘ತೊಟ್ಟಿಲಲ್ಲೇ’ ಇದ್ದವು. ಬೆಸೆದ ವಾಲ್ವುಗಳನ್ನು ಇಡುವ ಮರದ ಕಪಾಟಿಗೆ ನಾವು ತೊಟ್ಟಿಲು ಅನ್ನುತ್ತೇವೆ. ವಾಲ್ವಿನೊಳಗೆ ಗಾಳಿಯೇ ಇರಬಾರದು; ಗಾಜಿನಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಗಾಳಿ ಮೆಲ್ಲಗೆ ಒಳಗೆ ನುಸುಳುತ್ತದೆ. ಅದು ತಕ್ಷಣ ಗೊತ್ತಾಗುವುದಿಲ್ಲ. ಅದಕ್ಕೇ ನಲವತ್ತೆಂಟು ಗಂಟೆ ಮಲಗಿಸಿ ಆಮೇಲೆ ತಟ್ಟಿ ನೋಡಬೇಕೆಂಬುದು ಮೊದಲಿನಿಂದಲೂ ಇದ್ದ ನಿಯಮ. ಡಿಸೆಂಬರ್ ಹದಿನೆಂಟರಿಂದ, ಯುರೋಪಿನಲ್ಲಿ ನಮ್ಮವರ ಮೇಲೆ ಜರ್ಮನರು ಮತ್ತೆ ಎರಗಿದಾಗಿನಿಂದ, ಹ್ಯಾಸ್ಕೆಲ್ ಅದನ್ನು ಹನ್ನೆರಡಕ್ಕೆ ಇಳಿಸಿದ್ದ. ಯುದ್ಧ ಅಂದರೆ ಅವಸರ ಇದ್ದೇ ಇರುತ್ತದೆ ಎಂದುಕೊಂಡಿದ್ದೆವು.

ಇಂದು ಮೊದಲ ತಟ್ಟೆಯ ನೂರರಲ್ಲಿ ಹದಿಮೂರು ಸತ್ತಿದ್ದವು. ಎರಡನೆಯದರಲ್ಲಿ ಒಂಬತ್ತು. ಮೂರನೆಯದರಲ್ಲಿ ಹದಿನಾಲ್ಕು. ಹನ್ನೆರಡು ಗಂಟೆಗೆ ತಟ್ಟಿದಾಗ ಮಾಮೂಲಿ ಎರಡೋ ಮೂರೋ ಇರುತ್ತದೆ.

ಮೂರು ತಟ್ಟೆಗಳ ಸತ್ತ ವಾಲ್ವುಗಳನ್ನು ಸಾಲಾಗಿ ಜೋಡಿಸಿ ನೋಡುತ್ತಾ ಕೂತೆ. ಓಟಿಲಿ ಹೋಗಿ ಒಂದು ತಿಂಗಳ ಮೇಲಾಯಿತು. ಇವನ್ನು ಅವಳು ಮುಟ್ಟಿಲ್ಲ. ಡಬ್ಬಿಯೂ ಈಗ ಇಲ್ಲ. ನಮ್ಮೆಲ್ಲರ ಕೈಗಳೂ ಒಡೆದು ರಕ್ತ ಒಸರುತ್ತಿವೆ.

ಡೆಲ್ಫೀನ್ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದಳು. “ಡಿಸೆಂಬರಿನವಕ್ಕೆ ನಿದ್ದೆ ಸಾಲಲಿಲ್ಲ, ಅಷ್ಟೇ,” ಅಂದಳು. “ಜಿಡ್ಡೂ ಅಲ್ಲ, ಜರ್ಮನಿಯೂ ಅಲ್ಲ.”

೧೪ ಫೆಬ್ರವರಿ

ಎಣಿಕೆಯನ್ನು ಬರೆದುಕೊಂಡು ಹ್ಯಾಸ್ಕೆಲ್‌ನ ಕೋಣೆಗೆ ಹೋದೆ. ಅವನೂ ನನ್ನ ತರಗತಿಯಲ್ಲಿ ಕೂತವನೇ. ಬುದ್ಧಿವಂತ. ಈಗ ಕಣ್ಣ ಕೆಳಗೆ ಕಪ್ಪು, ಬೂದಿಪಾತ್ರೆ ತುಂಬಿ ಚೆಲ್ಲಿದೆ. ಅವನ ತಮ್ಮ ಬೆಲ್ಜಿಯಮ್ಮಿನ ಹಿಮದಲ್ಲಿ ಎಲ್ಲೋ ಇದ್ದಾನೆ, ಆರು ವಾರದಿಂದ ಕಾಗದವಿಲ್ಲ.

“ಚಳಿಗೆ ಗಾಜು ಬಿರಿದಿದೆ ಮಿಸ್ ಪಿಂಗ್ರಿ. ಕಟ್ಟಡದಲ್ಲಿ ಮೂರು ದಿನ ಬೆಂಕಿ ಇರಲಿಲ್ಲ.”

“ಹಾಗಿದ್ರೆ ಇನ್ನೊಂದು ತೊಟ್ಟಿಲನ್ನ ಬೆಚ್ಚಗಿಟ್ಟು ಎರಡು ದಿನ ಮಲಗ್ಸಿ ನೋಡೋಣ. ಒಂದೇ ಒಂದು.”

“ಒಂದು ತೊಟ್ಟಿಲು ಅಂದ್ರೆ ಎಷ್ಟು ಸಾವಿರ ವಾಲ್ವ್ ತಡ ಆಗತ್ತೆ ಗೊತ್ತಾ? ಬಾಸ್ಟನ್ನಿಂದ ದಿನಾ ಮೂರು ಸಲ ಫೋನ್ ಬರ್ತಿದೆ ನಂಗೆ.”

“ಮಿಸೆಸ್ ಬ್ರೆಮರ್ ವಿಷಯ?”

“ಅದು ಮುಗಿದ ವಿಷಯ.”

“ಯಾರಿಗೆ?”

ಅವನು ಮೇಜಿನ ಖಾನೆಯಿಂದ ಒಂದು ಕಟ್ಟು ಹಾಳೆ ತೆಗೆದು ನನ್ನ ಮುಂದಿಟ್ಟ. ಪ್ರತಿ ತಟ್ಟೆಯ ಜೊತೆ ಹೋಗುವ ತಪಾಸಣೆಯ ಹಾಳೆಗಳು. “ನಲವತ್ತೆಂಟು ಗಂಟೆ ಇರಿಸಿ ಮರುಪರೀಕ್ಷೆ ಮಾಡಲಾಗಿದೆ” ಎಂದು ಅಚ್ಚಾಗಿರುವ ಸಾಲು, ಅದರ ಕೆಳಗೆ ಸಹಿ. ಮೇಲಿನ ಹಾಳೆಯ ಸಹಿ ನನ್ನದು. ಅದರ ಕೆಳಗಿನದೂ.

“ಇದು ನಿಮ್ಮ ಕೈಬರಹ ತಾನೇ, ಟೀಚರ್?” ಎಂದ. ಗದರಿಸಲಿಲ್ಲ. ಶಾಲೆಯಲ್ಲಿ ಉತ್ತರ ಹೇಳುವಾಗ ಇದ್ದ ದನಿಯೇ.

ನಿಯಮ ಹನ್ನೆರಡಕ್ಕೆ ಇಳಿದರೂ ಹೊಸ ಹಾಳೆ ಅಚ್ಚಾಗಿ ಬಂದಿರಲಿಲ್ಲ. ಹಳೆಯದೇ ಸಾಕು, ಬರುವಷ್ಟರಲ್ಲಿ ಯುದ್ಧ ಮುಗಿದಿರುತ್ತದೆ ಎಂದು ಅವನೇ ಹೇಳಿದ್ದ. ನಾವು ಆರೂ ಜನ ಸಹಿ ಹಾಕುತ್ತಾ ಬಂದೆವು. ಯಾರು ಓದುತ್ತಾರೆ ಅಚ್ಚಾದ ಸಾಲನ್ನು.

ಹಿಂದಿರುಗಿ ಬಂದು ನಾನೂರು ವಾಲ್ವ್ ತಟ್ಟಿದೆ. ನಾಲ್ಕು ಹಾಳೆಗೆ ಸಹಿ ಹಾಕಿದೆ.

೫ ಮಾರ್ಚ್

ಇಂದಿನಿಂದ ಮತ್ತೆ ನಲವತ್ತೆಂಟು ಗಂಟೆ. ಗೋಡೆಗೆ ಚೀಟಿಯಿಲ್ಲ, ಕಾರಣವಿಲ್ಲ, ಮಾತಿಲ್ಲ. ಬೆಳಿಗ್ಗೆ ಬಂದಾಗ ತೊಟ್ಟಿಲುಗಳು ತುಂಬಿದ್ದವು, ಅಷ್ಟೆ. ಡೆಲ್ಫೀನ್ ಅವುಗಳ ಮುಂದೆ ನಿಂತು ಬೆರಳು ತುಟಿಗಿಟ್ಟು, “ಶ್, ಮಕ್ಕಳು ಮಲಗಿವೆ,” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ ಅಂತ ಕಾಣುತ್ತದೆ.

ಓಟಿಲಿಯನ್ನು ಯಾರೂ ವಾಪಸು ಕರೆಯಲಿಲ್ಲ.

೧೩ ಏಪ್ರಿಲ್

ನಿನ್ನೆ ದೇಶದ ಅಧ್ಯಕ್ಷರು ತೀರಿಕೊಂಡರು. ಯಂತ್ರಗಳನ್ನು ಐದು ನಿಮಿಷ ನಿಲ್ಲಿಸಿದರು. ಆಯಾಸ.

೨೦ ಮೇ, ಭಾನುವಾರ

ದಡದ ಕಡೆ ನಡೆದು ಹೋದೆ. ಚಿಪ್ಪುಮೀನು ಬಿಡಿಸುವ ಕೊಟ್ಟಿಗೆಯ ಹೊರಗೆ ಹೆಂಗಸರು ಸಾಲಾಗಿ ನಿಂತು ಕೆಲಸ ಮಾಡುತ್ತಿದ್ದರು. ಭಾನುವಾರವೂ ಬಿಡುವಿಲ್ಲ. ಕೊನೆಯಲ್ಲಿದ್ದವಳು ಓಟಿಲಿ. ಚಿಪ್ಪಿಗೆ ಚಾಕು ಹಾಕಿ, ತಿರುವಿ, ಒಳಗಿನದನ್ನು ಬಕೆಟ್ಟಿಗೆ ಹಾಕಲು ಅವಳಿಗೆ ಒಂದು ಉಸಿರು ಸಾಕು. ಮಣಿಕಟ್ಟಿನ ತನಕ ಗಾಯ.

ಅವಳು ತಲೆಯೆತ್ತಲಿಲ್ಲ. ನಾನೂ ಕರೆಯಲಿಲ್ಲ. ಕೈಯಲ್ಲಿ ಕೊಡೆ ಇತ್ತು, ಗಾಳಿ ಜೋರಾಗಿತ್ತು, ಮೋಡ ಕವಿಯುತ್ತಿತ್ತು. ವಾಪಸು ಬಂದೆ.

೧೮ ಆಗಸ್ಟ್

ಯುದ್ಧ ಮುಗಿದು ನಾಲ್ಕು ದಿನ. ಅರ್ಧ ಹೆಂಗಸರಿಗೆ ಈಗಾಗಲೇ ಕೆಲಸ ಮುಗಿಯಿತೆಂಬ ಚೀಟಿ ಬಂದಿದೆ. ನನಗೂ ಬಂದಿದೆ. ಇಡೀ ಮಧ್ಯಾಹ್ನ ಮಲಗಿದ್ದೆ.

೨೧ ಸೆಪ್ಟೆಂಬರ್, ಶುಕ್ರವಾರ

ಪತ್ರಿಕೆಯ ಮೊದಲ ಪುಟದಲ್ಲೇ ಇದೆ. ಗುಟ್ಟು ಬಿಟ್ಟುಕೊಟ್ಟಿದ್ದಾರೆ.

ನಮ್ಮ ವಾಲ್ವುಗಳು ಫಿರಂಗಿಯ ಗುಂಡಿನ ಮೂತಿಯಲ್ಲಿ ಕೂರುತ್ತಿದ್ದವು. ಆ ಮೂತಿ ಒಂದು ಪುಟ್ಟ ರೇಡಿಯೊ ಕೇಂದ್ರ. ಗುಂಡು ಹಾರುವಾಗ ಅಲೆಗಳನ್ನು ಬಿಡುತ್ತದೆ, ವಿಮಾನಕ್ಕೋ ನೆಲಕ್ಕೋ ತಾಗಿ ಮರಳುವ ದನಿಯನ್ನು ತಾನೇ ಕೇಳಿಸಿಕೊಳ್ಳುತ್ತದೆ, ಹತ್ತಿರ ಬಂದಿದ್ದೇನೆ ಎಂದು ಗೊತ್ತಾದ ಕ್ಷಣ ತಾನಾಗಿಯೇ ಸಿಡಿಯುತ್ತದೆ. ತಾಗಲೇಬೇಕೆಂದಿಲ್ಲ. ಮೊದಲಿನ ಫ್ಯೂಸುಗಳಿಗೆ ಇಷ್ಟು ಕ್ಷಣದ ನಂತರ ಸಿಡಿ ಎಂದು ಕೈಯಲ್ಲೇ ತಿರುಗಿಸಿ ಹೇಳಬೇಕಿತ್ತಂತೆ, ಸಾವಿರ ಗುಂಡಿನಲ್ಲಿ ಒಂದೋ ಎರಡೋ ತಗುಲುತ್ತಿದ್ದವಂತೆ. ಫಿರಂಗಿಯ ನಳಿಗೆಯಿಂದ ಹೊರಡುವಾಗ ಒಂದು ಗುಲಗಂಜಿ ತೂಕದ್ದು ಸೇರುಗಟ್ಟಲೆ ತೂಗುತ್ತದಂತೆ. ಅಂಥ ಒದೆತದಲ್ಲಿ ಗಾಜೂ ಕೂದಲೆಳೆಯ ತಂತಿಯೂ ಉಳಿಯುವ ಹಾಗೆ ಮಾಡಲು ವಿಜ್ಞಾನಿಗಳು ವರ್ಷಗಟ್ಟಲೆ ಹೊಲದಲ್ಲಿ ನಿಂತು ಗುಂಡುಗಳನ್ನು ನೆಟ್ಟಗೆ ಆಕಾಶಕ್ಕೆ ಹಾರಿಸಿ, ಬಿದ್ದಲ್ಲಿ ಅಗೆದು ತೆಗೆದು ನೋಡಿದರಂತೆ. ಮಣ್ಣು ಎಲ್ಲಿಯದೆಂದು ಈಗ ತಿಳಿಯಿತು.

ಜಪಾನಿನ ವಿಮಾನಗಳಿಂದ ಹಡಗುಗಳು ಉಳಿದವು, ಲಂಡನ್ ಉಳಿಯಿತು, ಬೆಲ್ಜಿಯಮ್ಮಿನಲ್ಲಿ ನಮ್ಮವರು ಉಳಿದರು ಎಂದು ಬರೆದಿದ್ದಾರೆ. ಇರಬಹುದು. ನೆಲಕ್ಕೆ ತಾಗುವ ಮೊದಲೇ ಮೇಲಿನಿಂದ ಸಿಡಿದ ಗುಂಡಿನ ಅಡಿಯಲ್ಲಿ ಯಾರಿದ್ದರು ಎಂದು ಬರೆದಿಲ್ಲ. ಅವರಿಗೂ ಅಡಗಲು ಗುಂಡಿಯಿತ್ತು, ನಮ್ಮ ವಾಲ್ವ್ ಆ ಗುಂಡಿಯನ್ನು ವ್ಯರ್ಥ ಮಾಡಿತು.

ಮೂರು ಸಲ ಓದಿದೆ. ಓದುತ್ತಾ ಬೇರೆಯೇ ಲೆಕ್ಕ ಬಂತು. ಸತ್ತ ವಾಲ್ವ್ ಇರುವ ಗುಂಡು ಸಿಡಿಯದೆ ವಿಮಾನವನ್ನು ದಾಟಿ ಹೋಗುತ್ತದೆ. ವಿಮಾನ ಮುಂದಕ್ಕೆ ಬರುತ್ತದೆ. ಡಿಸೆಂಬರ್ ಹದಿನೆಂಟರಿಂದ ಮಾರ್ಚ್ ಐದರವರೆಗೆ, ದಿನಕ್ಕೆ ನಾಲ್ಕು ತಟ್ಟೆ. ನನ್ನ ಸಹಿ ಸುಮಾರು ಇನ್ನೂರೈವತ್ತು ಹಾಳೆಗಳ ಮೇಲಿದೆ.

ಡಿಸೆಂಬರಿನ ಸರಕು ಪರೀಕ್ಷೆಯಲ್ಲೇ ಸಿಕ್ಕಿಬಿತ್ತು. ಜನವರಿ, ಫೆಬ್ರವರಿಯದು?

೧೪ ಅಕ್ಟೋಬರ್

ನೌಕಾದಳದವರು ಒಳ್ಳೆಯ ಕೆಲಸಕ್ಕೆಂದು ಕಾರ್ಖಾನೆಗೆ ಗೌರವದ ಬಾವುಟ ಕೊಟ್ಟರು. ನಮ್ಮನ್ನೂ ಕರೆದಿದ್ದರು. ಕರಿದ ಚಿಪ್ಪುಮೀನು, ಸೇಬಿನ ಕಡುಬು. ಹ್ಯಾಸ್ಕೆಲ್ ಭಾಷಣ ಮಾಡಿದ. ಅವನ ತಮ್ಮ ಬರಲಿಲ್ಲ, ಬರುವುದೂ ಇಲ್ಲ. ಆ ಭಾಷಣವನ್ನು ಟೀಕಿಸಲು ಇಂದು ನನಗೆ ಮನಸ್ಸಿಲ್ಲ. “ಇಲ್ಲಿನ ಹೆಂಗಸರ ಕೈಗಳು” ಎಂದು ಅವನು ಹೇಳಿದಾಗ ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು.

ವಾಪಸು ಬರುವಾಗ ಡೆಲ್ಫೀನ್, “ಆ ಚಿಪ್ಪುಮೀನು ಬಿಡಿಸಿದ್ದು ಯಾರು ಅಂತ ಯೋಚ್ನೆ ಮಾಡಿದ್ರಾ?” ಅಂದಳು.

“ಮಾಡಿದೆ.”

“ತಿಂದ್ರಾ?”

“ತಿಂದೆ.”

“ನಾನೂನು,” ಅಂದಳು.

೧೯ ಜನವರಿ ೧೯೪೬

ಮಾರ್ಚಿನ ಮೊದಲ ಸೋಮವಾರ ಊರ ಸಭೆ. ಹತ್ತು ಮತದಾರರು ಸಹಿ ಹಾಕಿದರೆ ಯಾವ ವಿಷಯವನ್ನಾದರೂ ಕಾರ್ಯಪಟ್ಟಿಗೆ ಸೇರಿಸಲೇಬೇಕು. ಮೋರಿ ಒಡೆದದ್ದಕ್ಕೂ ಬೀದಿ ದೀಪಕ್ಕೂ ಈ ಊರು ಹಾಗೇ ಮಾಡುತ್ತದೆ. ನಾನೊಂದು ವಿಷಯ ಬರೆದೆ: ಶ್ರೀಮತಿ ಓಟಿಲಿ ಬ್ರೆಮರ್‌ಳನ್ನು ಯಾವ ಸಾಕ್ಷ್ಯದ ಮೇಲೆ ತೆಗೆದರೆಂದು ಕಾರ್ಖಾನೆಯವರು ಸಭೆಯಲ್ಲಿ ಹೇಳಬೇಕು.

ಎರಡು ವಾರ ಮನೆಮನೆಗೆ ಹೋದೆ. ಒಂಬತ್ತು ಸಹಿ ಸಿಕ್ಕವು. ಪರೀಕ್ಷಕಿಯರಲ್ಲಿ ಮೂವರು ಹಾಕಿದರು. ಒಬ್ಬಳು ಬಾಗಿಲು ಅರ್ಧ ತೆರೆದು, “ಟೀಚರ್, ನಮ್ಮ ಸಹಿ ಆ ಹಾಳೆಗಳ ಮೇಲೂ ಇದೆ, ಇದರ ಮೇಲೂ ಇದ್ರೆ ಕೂಡಿಸಿ ನೋಡಲ್ವಾ?” ಅಂದಳು. ಸರಿ ಕಣಮ್ಮ ಅಂದು ಮೆಟ್ಟಿಲಿಳಿದೆ.

ಹತ್ತನೆಯದು ಡೆಲ್ಫೀನಳದು. “ಎಲ್ಲಿ, ಕೊಡಿ,” ಅಂದಳು. “ಈ ಸಲ ಓದಿ ಹಾಕ್ತೀನಿ.”

೨೭ ಜನವರಿ, ಭಾನುವಾರ

ಅರ್ಜಿ ಕೊಡುವ ಮೊದಲು ಓಟಿಲಿಗೆ ತೋರಿಸಬೇಕಿತ್ತು. ಒಂದು ವರ್ಷದಲ್ಲಿ ಮೊದಲ ಸಲ ಅವಳ ಮನೆಗೆ ಹೋದೆ.

ಒಳಗೆ ಕರೆದಳು. ಕಾಫಿ ಕೊಟ್ಟಳು. ಅರ್ಜಿಯನ್ನು ಎರಡು ಸಲ ಓದಿ, ಮಡಚಿ, ನನ್ನ ಬಟ್ಟಲಿನ ಪಕ್ಕ ಇಟ್ಟಳು.

“ನನ್ನ ಹೆಸರು ಇದ್ರಲ್ಲಿ ಬೇಡ.”

“ನಿಮ್ಮ ಹೆಸರಿಗೆ ಅಂಟಿದ ಮಸಿ ತೊಳೆಯೋಕೇ ಇದು.”

“ಮತ್ತೆ ಎಲ್ಲರ ಬಾಯಲ್ಲೂ ಅದೇ ಹೆಸರು. ಬೇಕರಿಯಲ್ಲಿ ಈಗ ತಾನೇ ಮರೀತಾ ಇದಾರೆ. ಮೊನ್ನೆ ಬ್ರೆಡ್ ಕೊಡುವಾಗ ಒಬ್ಬಳು ನನ್ನ ಮುಖ ನೋಡಿದಳು.”

“ನಿಮಗೆ ಉತ್ತರ ಬೇಡ್ವಾ, ಓಟಿಲಿ?”

“ನನ್ನನ್ನ ಯಾಕೆ ತೆಗೆದ್ರು ಅಂತ ನಂಗೆ ಗೊತ್ತು, ಮಿಸ್ ಪಿಂಗ್ರಿ. ಯಾರ್ಯಾರು ಸುಮ್ಮನಿದ್ರು ಅಂತಾನೂ ಗೊತ್ತು. ಉತ್ತರ ಗೊತ್ತಿಲ್ಲದವರು ಕೇಳ್ಕೊಳ್ಳಲಿ.” ಸಕ್ಕರೆಯ ಬಟ್ಟಲು ತೆಗೆದುಕೊಂಡು, “ಸಕ್ಕರೆ ಇನ್ನೊಂದು ಚಮಚ ಹಾಕ್ಲಾ? ನೀವು ಯಾವಾಗ್ಲೂ ಎರಡು ಹಾಕ್ಕೊಳ್ತಿದ್ರಿ,” ಅಂದಳು.

ಹಾಕಿಸಿಕೊಂಡೆ.

ಬರುವಾಗ ಲಿಂಡೆಮನ್ ಮೇಷ್ಟರು ನೆನಪಾದರು. ಅವರನ್ನು ತೆಗೆಯುವ ಮನವಿಗೆ ಶಿಕ್ಷಕರೆಲ್ಲ ಸಹಿ ಹಾಕಿದ್ದೆವು. ನಾನು ಏಳನೆಯವಳೋ ಎಂಟನೆಯವಳೋ. ಅದನ್ನು ಈ ಪುಸ್ತಕದಲ್ಲಿ ಎಲ್ಲಾದರೂ ಬರೆದಿದ್ದೇನೆಯೇ ಎಂದು ಮನೆಗೆ ಬಂದು ಹುಡುಕಿದೆ.

೨ ಫೆಬ್ರವರಿ

ಅರ್ಜಿ ಹರಿದುಹಾಕಿ ಬೇರೆ ಬರೆದೆ. ಇದರಲ್ಲಿ ಓಟಿಲಿಯ ಹೆಸರಿಲ್ಲ, ತಪಾಸಣೆಯ ಹಾಳೆಗಳ ವಿಷಯವಿದೆ. ಮತ್ತೆ ಹತ್ತು ಸಹಿ ಬೇಕು. ಹಳೆಯ ಒಂಬತ್ತರಲ್ಲಿ ನಾಲ್ಕು ಜನ ಹಿಂದೆ ಸರಿದರು. ಅವರನ್ನು ಬೈದು ಒಂದು ಪುಟ ತುಂಬಿಸಬಹುದು, ಆದರೆ ಬೈಯುವ ಶಕ್ತಿ ಇಲ್ಲ. ಅವರ ಭಯ ನನಗೆ ಗೊತ್ತಿರುವುದೇ.

ಊರ ಸಭೆಯ ಅಧ್ಯಕ್ಷ ಕ್ಯಾಲೆಬ್ ಲಂಟ್ ದಾರಿಯಲ್ಲಿ ಸಿಕ್ಕ. “ಅಡಿಲೇಡ್, ನಾವಿಬ್ರೂ ಒಂದೇ ಬೆಂಚಿನಲ್ಲಿ ಕೂತವರು, ಅದಕ್ಕೆ ಹೇಳ್ತೀನಿ. ಪ್ರಮಾಣ ಮಾಡಿದ್ದೀಯ. ಸುಳ್ಳು ಹಾಳೆಗೆ ಸಹಿ ಹಾಕ್ದೆ ಅಂತ ನೀನಾಗೇ ಎದ್ದು ಹೇಳಿದ್ರೆ, ಸರ್ಕಾರ ಮೊದಲು ಹಿಡಿಯೋದು ನಿನ್ನನ್ನೇ. ಹ್ಯಾಸ್ಕೆಲ್‌ನನ್ನಲ್ಲ.”

“ಗೊತ್ತು ಕ್ಯಾಲೆಬ್.”

“ಪಿಂಚಣಿ ಹೋಗಬಹುದು.”

“ಅದೂ ಗೊತ್ತು.”

“ಹಾಗಿದ್ರೆ ಯಾಕೆ?”

“ಸುಸ್ತಾಗಿದೆ,” ಅಂದೆ. ಅವನು ಟೋಪಿ ಮುಟ್ಟಿ ಹೋದ.

೧೧ ಫೆಬ್ರವರಿ

ಹತ್ತು ಸಹಿ ಆಯಿತು. ಅರ್ಜಿ ಕೊಟ್ಟೆ. ಕಾರ್ಯಪಟ್ಟಿಯಲ್ಲಿ ಕೊನೆಯ ವಿಷಯ, ಮೂವತ್ತೆರಡನೆಯದು.

೪ ಮಾರ್ಚ್ ೧೯೪೬, ಸೋಮವಾರ

ಸಭೆ ಬೆಳಿಗ್ಗೆ ಹತ್ತಕ್ಕೆ ಶುರುವಾಯಿತು. ಬೆಂಕಿ ಆರಿಸುವ ಹೊಸ ಲಾರಿಗೇ ಒಂದೂವರೆ ಗಂಟೆ ಹೋಯಿತು. ದಡದಲ್ಲಿ ಚಿಪ್ಪುಮೀನು ಅಗೆಯುವ ಪರವಾನಗಿಗೆ ಎರಡು ಗಂಟೆ. ಊಟವಾದ ಮೇಲೆ ಅರ್ಧ ಜನ ಹೋಗುತ್ತಾರೆ, ಕೊನೆಯ ವಿಷಯಗಳು ಖಾಲಿ ಬೆಂಚುಗಳ ಮುಂದೆ ಬೀಳುತ್ತವೆ. ಈ ಸಲ ಯಾರೂ ಹೋಗಲಿಲ್ಲ.

ಮೂರುಮುಕ್ಕಾಲಿಗೆ ಲಂಟ್ ಮೂವತ್ತೆರಡನೆಯ ವಿಷಯ ಓದಿದ. ಓದಿ ಮುಗಿಯುವ ಮೊದಲೇ ಕಾರ್ಖಾನೆಯ ವಕೀಲ ಎದ್ದು, ಇದು ಊರ ಸಭೆಗೆ ಸಂಬಂಧಿಸಿದ್ದಲ್ಲ, ಚರ್ಚೆಯಿಲ್ಲದೆ ಕೈಬಿಡಬೇಕು ಎಂದ. ಕೆಲವರು ಹೌದು ಹೌದು ಅಂದರು.

“ಕೈಬಿಡೋ ಮೊದಲು ಅರ್ಜಿದಾರರು ಮಾತಾಡಬಹುದು. ನಮ್ಮಲ್ಲಿ ಹಾಗೇ ನಡ್ಕೊಂಡು ಬಂದಿದೆ,” ಎಂದ ಲಂಟ್. ನನ್ನ ಕಡೆ ನೋಡಲಿಲ್ಲ.

ಎದ್ದು ನಿಂತೆ. ಬರೆದುಕೊಂಡು ಹೋಗಿದ್ದ ನಾಲ್ಕು ಪುಟಗಳಲ್ಲಿ ಮೊದಲ ಮೂರು ಊರಿನ ಮೇಲೆ ಇದ್ದವು, ೧೯೧೮ರಿಂದ ಹಿಡಿದು. ಅವನ್ನು ಮಡಚಿ ಬೆಂಚಿನ ಮೇಲಿಟ್ಟೆ. ಕೊನೆಯದನ್ನು ಓದಿದೆ. ನನ್ನ ಹೆಸರು ಅಡಿಲೇಡ್ ಪಿಂಗ್ರಿ. ಹಿಂದಿನ ವರ್ಷದ ಚಳಿಗಾಲದಲ್ಲಿ ಹನ್ನೆರಡು ಗಂಟೆ ಇಟ್ಟ ವಾಲ್ವುಗಳನ್ನು ನಲವತ್ತೆಂಟು ಗಂಟೆ ಇಟ್ಟಿದ್ದೇವೆಂದು ಸುಮಾರು ಇನ್ನೂರೈವತ್ತು ಹಾಳೆಗಳಿಗೆ ಸಹಿ ಹಾಕಿದ್ದೇನೆ. ಸುಳ್ಳೆಂದು ಗೊತ್ತಿದ್ದೇ ಹಾಕಿದ್ದೇನೆ. ವಾಲ್ವುಗಳು ಸತ್ತದ್ದು ಯಾರ ಕೈಯ ಜಿಡ್ಡಿನಿಂದಲೂ ಅಲ್ಲ. ಆ ಜಿಡ್ಡು ನಮ್ಮೆಲ್ಲರ ಕೈಯಲ್ಲೂ ಇತ್ತು, ನನ್ನ ಕೈಯಲ್ಲೂ, ಮತ್ತು ಅದನ್ನು ಹೇಳಬೇಕಾದ ದಿನ ನಾವು ಹೇಳಲಿಲ್ಲ.

ನಾಲ್ಕನೆಯ ಸಾಲಿನಲ್ಲಿ ಡೆಲ್ಫೀನ್ ಎದ್ದು, “ನನ್ನ ಸಹೀನೂ ಇದೆ. ಥೀರಿಯೋ. ಬರ್ಕೊಳ್ಳಿ,” ಅಂದಳು. ಆಮೇಲೆ ಗೋಡೆಯ ಪಕ್ಕದಿಂದ ಇನ್ನೊಬ್ಬಳು ಎದ್ದಳು, ಅಂದು ಬಾಗಿಲು ಅರ್ಧ ತೆರೆದಿದ್ದವಳು. ಅವಳು ಕೂರದೆ ನಿಂತೇ ಇದ್ದಳು.

ಹ್ಯಾಸ್ಕೆಲ್ ಎರಡನೆಯ ಸಾಲಿನಲ್ಲಿದ್ದ. ವಕೀಲ ಅವನ ತೋಳು ಹಿಡಿದು, “ಮಿಸ್ ಪಿಂಗ್ರಿಯವರಿಗೆ ಕಾಗದದ ಮೂಲಕ ಉತ್ತರ ಕಳಿಸ್ತೇವೆ,” ಎಂದ.

“ನನ್ನ ಮನೆಗೆ ಕಾಗದ ಬೇಡ,” ಅಂದೆ. “ಹೊರಗೆ ಹಾಕುವಾಗ ನೂರಾ ಹತ್ತು ಜನರ ಮುಂದೆ ಹಾಕಿದಿರಿ. ಉತ್ತರವೂ ಜನರ ಮುಂದೆಯೇ ಬರಬೇಕು.”

“ಮೇಡಂ, ನೀವು ಕೂತ್ಕೊಳ್ಳಬಹುದು.”

ಕೂರಲಿಲ್ಲ. ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡೆ. ನನ್ನ ಬೆರಳುಗಳಲ್ಲಿ ಆ ಚಳಿಗಾಲದ ಸೀಳುಗಳ ಗುರುತು ಇನ್ನೂ ಇದೆ. ನಾನು ಕೇಳಿದ್ದು ಇಷ್ಟೆ, ಮತ್ತು ಅದನ್ನು ಸಭೆಯ ದಾಖಲೆಯಲ್ಲಿ ಇದ್ದ ಹಾಗೇ ಬರೆಯಬೇಕೆಂದು ಗುಮಾಸ್ತರಿಗೆ ಹೇಳಿದ್ದೇನೆ:

ಗಂಟೆಗಳನ್ನು ಇಳಿಸಿದ್ದು ಯಾರ ಆಜ್ಞೆ? ಕಾರಣ ಜಿಡ್ಡಲ್ಲವೆಂದು ಗೊತ್ತಾಗಿ ಮಾರ್ಚ್ ಐದರಂದು ಮತ್ತೆ ಏರಿಸಿದವರು, ಅದನ್ನು ಆವತ್ತೇ ಈ ಊರಿಗೆ ಯಾಕೆ ಹೇಳಲಿಲ್ಲ? ನಾವು ಸಹಿ ಹಾಕಿ ಕಳಿಸಿದ ತಟ್ಟೆಗಳು ಯಾವ ಹಡಗಿಗೆ, ಯಾವ ಫಿರಂಗಿಗೆ ಹೋದವು, ಅಲ್ಲಿ ಸಿಡಿಯದೆ ಹೋದ ಗುಂಡಿನ ಹಿಂದೆ ಯಾರು ನಿಂತಿದ್ದರು? ನಮ್ಮ ಪಾಲಿನದನ್ನು ನಾವು ಹೇಳಿದ್ದೇವೆ. ಈಗ ನೀವು ಹೇಳಿ, ಮಿಸ್ಟರ್ ಹ್ಯಾಸ್ಕೆಲ್. ಎದ್ದು ನಿಂತು, ಇಲ್ಲೇ, ಇವರೆಲ್ಲರಿಗೂ ಕೇಳುವ ಹಾಗೆ.